ಕೊರಳಿಗೊಂದು ರಟ್ಟು

ರಟ್ಟಿನ ಮೇಷ್ಟ್ರು ತರಗತಿಗೆ ಕಾಲಿಟ್ಟರೆ ಮಕ್ಕಳು ಮೊದಲು ಕೊರಳು ಮುಟ್ಟಿಕೊಳ್ಳುತ್ತಿದ್ದರು, ಆಮೇಲೆ ಎದ್ದು ನಿಲ್ಲುತ್ತಿದ್ದರು. ಒಂದೊಂದು ಕೊರಳಲ್ಲೂ ಒಂದು ಲಾಡಿ, ಲಾಡಿಯ ತುದಿಗೆ ಅಂಗೈಯಗಲದ ರಟ್ಟು, ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಒಂದು ಪದದ ಚೂರು. ಒಬ್ಬನದು 'ಗಾರ', ಇನ್ನೊಬ್ಬಳದು 'ತನ', ಕಿಟಕಿಯ ಪಕ್ಕ ಕೂತವನದು 'ನಿರ್'. ರಟ್ಟು ಮರೆತು ಬಂದ ಮಗುವಿಗೆ ಭಾಷಾ ಪಾಠದ ಹೊತ್ತಿನಲ್ಲಿ ಕೂರಲು ಜಾಗವಿಲ್ಲ. ಅದು ಬಾಗಿಲ ಬಳಿ ನಿಂತು, ತಾನು ಯಾವ ಚೂರೂ ಅಲ್ಲ ಅಂತ ಕೊರಗಬೇಕು.

ಪಾಠ ನಡೆಯುತ್ತಿದ್ದದ್ದು ಹೀಗೆ. ಮೇಷ್ಟ್ರು ಕಪ್ಪು ಹಲಗೆಯ ಮೇಲೆ 'ಜವಾಬ್ದಾರಿ' ಅಂತ ಬರೆಯುತ್ತಿದ್ದರು. ಇದು ಪದದ ಹೊಟ್ಟೆ. ಮುಂದೆ ಅಂಟುವುದು ತಲೆ, ಹಿಂದೆ ಅಂಟುವುದು ಬಾಲ. "ತಲೆ ಬಾ" ಅಂದರೆ 'ಬೇ' ಅನ್ನುವ ಹುಡುಗ ಓಡಿಬಂದು ಹಲಗೆಯ ಎಡಕ್ಕೆ ನಿಲ್ಲಬೇಕು, ಉಳಿದವರು ಕುರಿಯ ಹಾಗೆ ಅರಚಿ ಅವನನ್ನು ಸ್ವಾಗತಿಸಬೇಕು. "ಬಾಲ ಬಾ" ಅಂದರೆ 'ತನ' ಬಂದು ಬಲಕ್ಕೆ. ಆಗ ಇಡೀ ತರಗತಿ ಒಂದೇ ಉಸಿರಿಗೆ 'ಬೇಜವಾಬ್ದಾರಿತನ' ಅಂತ ಕೂಗಿ ಬರೆದುಕೊಳ್ಳುತ್ತಿತ್ತು.

ಬೈಯುವ ಮೊದಲು ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಮಕ್ಕಳು ಕಲಿಯುತ್ತಿದ್ದರು. ಉದ್ದನೆಯ ಪದ ಕಂಡರೆ ಹೆದರಿ ಪೆನ್ಸಿಲ್ ಕಚ್ಚುತ್ತಿದ್ದ ಹಿಂದಿನ ಬೆಂಚಿನವರೂ ಅದನ್ನು ಬಿಡಿಸಿ, ಒಳಗೆ ಏನಿದೆ ನೋಡಿ, ಮತ್ತೆ ಕೂಡಿಸಿ ತಪ್ಪಿಲ್ಲದೆ ಬರೆಯುತ್ತಿದ್ದರು. 'ನಿರ್' ಅನ್ನು ಕೊರಳಲ್ಲಿ ಹೊತ್ತವನು 'ನಿರ್ಜನ', 'ನಿರ್ಗತಿಕ' ಬರೆಯುವಾಗ ಅರ್ಕಾವತ್ತು ನುಂಗುವ ಮಾತೇ ಇರಲಿಲ್ಲ. ಎಂದೂ ಕೇಳದ ಪದ ಬಂದರೂ ಬಾಲ ಹಿಡಿದು ಅರ್ಥ ಊಹಿಸುತ್ತಿದ್ದರು. ಪಕ್ಕದ ಶಾಲೆಗಳು ಉಕ್ತಲೇಖನದಲ್ಲಿ ಮುಗ್ಗರಿಸುತ್ತಿದ್ದಾಗ ಇವರ ಶಾಲೆ ಎದೆಯುಬ್ಬಿಸಿ ನಿಲ್ಲುತ್ತಿತ್ತು. ಹಾಗಾಗಿ ಹೆಡ್ ಮಿಸ್ಸು ಈ ಲಾಡಿ, ಈ ಕುರಿಯ ಕೂಗು ಎಲ್ಲವನ್ನೂ ಕಂಡೂ ಕಾಣದ ಹಾಗೆ ಇದ್ದುಬಿಟ್ಟರು.

ಮೇಷ್ಟ್ರು ಚಿಕ್ಕವರಿದ್ದಾಗ ಅವರಿಗೇ ಕಾಗುಣಿತ ಬರುತ್ತಿರಲಿಲ್ಲ. ಬರೆದದ್ದೆಲ್ಲ ತಪ್ಪು. ಅವರ ಗುರುಗಳು ಸ್ಲೇಟು ನೋಡುವ ಮೊದಲೇ "ಅಳಿಸು" ಅನ್ನುತ್ತಿದ್ದರು. ಅಳಿಸು ಅನ್ನುವುದೇ ಹುಡುಗನಿಗೆ ಅಡ್ಡಹೆಸರಾಗಿ, ಆಟದ ಬಯಲಿನಿಂದ ಅವರಮ್ಮನ ಬಾಯಿಯವರೆಗೂ ಹೋಯಿತು. ಒಂದು ದಿನ ಯಾವುದೋ ದೊಡ್ಡ ಪದವನ್ನು ಸಿಟ್ಟಿನಿಂದ ಚೂರು ಚೂರು ಮಾಡಿ ಬರೆದಾಗ, ಚೂರುಗಳೆಲ್ಲ ಹಳೇ ಪರಿಚಯದವು ಅಂತ ತಿಳಿದು ಹುಡುಗ ದಂಗಾದ. ಅಲ್ಲಿಂದ ಅವನ ಬದುಕೇ ಬದಲಾಯಿತು. ತಾನು ಪಟ್ಟ ಪಾಡು ಇನ್ನೊಬ್ಬರು ಪಡಬಾರದು ಅಂತ ಕೆಲವರಿಗೆ ಅನ್ನಿಸುವುದುಂಟು. ಮೇಷ್ಟ್ರಿಗೂ ಅನ್ನಿಸಿತು, ಆದರೆ ಕಾಗುಣಿತದ ವಿಷಯದಲ್ಲಿ ಮಾತ್ರ. ಅಡ್ಡಹೆಸರಿನ ಪಾಡನ್ನು ಅವರು ಧಾರಾಳವಾಗಿ ಊರಿಗೆಲ್ಲ ಹಂಚಿದರು.

ಹಂಚುವುದಕ್ಕೆ ಅವರದೇ ಒಂದು ಪದ್ಧತಿ ಇತ್ತು. ವರ್ಷದ ಮೊದಲ ದಿನ ಮಕ್ಕಳು ಸಾಲಾಗಿ ನಿಲ್ಲಬೇಕು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, ತಲೆಯಿಂದ ಕಾಲಿನವರೆಗೆ ನೋಡಿ, ಪೆಟ್ಟಿಗೆಯಿಂದ ಒಂದು ರಟ್ಟು ಆರಿಸಿ ಕೊರಳಿಗೆ ಹಾಕುತ್ತಿದ್ದರು. "ಮುಖ ನೋಡಿದ್ರೆ ಯಾವುದು ಹೊಂದುತ್ತೆ ಅಂತ ಗೊತ್ತಾಗಿಬಿಡುತ್ತೆ" ಅನ್ನುವುದು ಅವರ ಹೆಮ್ಮೆ. ಹಾಗೆ ನೋಡಿದಾಗಲೆಲ್ಲ ಡಾಕ್ಟರ ಮಗನಿಗೆ 'ವಂತ' ಹೊಂದುತ್ತಿತ್ತು, ಎಂಜಿನಿಯರ ಮಗಳಿಗೆ 'ಶಾಲಿ', ಔಷಧಿ ಅಂಗಡಿಯವರ ಹುಡುಗನಿಗೆ 'ಸು'. ಹಿಂದಿನ ಗಲ್ಲಿಯಿಂದ ಬಂದವರಿಗೆ ಜಗಳಕೋರನ 'ಕೋರ', ತಿಂಡಿಪೋತನ 'ಪೋತ', ದುರ್ಬಲನ 'ದುರ್'. ಮೇಷ್ಟ್ರು ತಾವು ಮುಖ ನೋಡುತ್ತಿದ್ದೇವೆ ಅಂದುಕೊಂಡಿದ್ದರು. ನೋಡುತ್ತಿದ್ದದ್ದು ಶೂ.

ಒಮ್ಮೆ ಕೊರಳಿಗೆ ಬಿದ್ದ ಮೇಲೆ ಹಾಜರಿಯೂ ಅದರಲ್ಲೇ, ಬೈಗುಳವೂ ಅದರಲ್ಲೇ. 'ಪೋತ ಬಂದಿದ್ದಾನಾ?' 'ಶಾಲಿ, ಓದು.' ಶಾಲೆ ಬಿಟ್ಟ ಮೇಲೂ ಅದು ಅಳಿಸಿ ಹೋಗುತ್ತಿರಲಿಲ್ಲ. ಊರಿನ ಮುಖ್ಯ ರಸ್ತೆಯಲ್ಲಿ ಮೊಳೆ, ಬೀಗ, ಬಣ್ಣ ಮಾರುವ ಅಂಗಡಿಯಿದೆ. ಮಾಲೀಕ ಬೋರ್ಡಿನ ಮೇಲೆ ಏನು ಬರೆಸಿದರೂ ಜನಕ್ಕೆ ಅದು ಕೋರನ ಅಂಗಡಿ. ಬ್ಯಾಂಕಿನ ಅಧಿಕಾರಿಯೊಬ್ಬ ನಲವತ್ತು ದಾಟಿದ ಮೇಲೂ 'ಶಾಲಿ'ಯಾಗಿ ಮೆರೆಯುತ್ತಿದ್ದಾನೆ. ಪೋತ ಅನ್ನುವವನ ಮದುವೆ ಮಾತುಕತೆ ಮೂರು ಕಡೆ ಮುರಿದುಬಿತ್ತು. ಪಾಪ, ಅವನು ತಿನ್ನುತ್ತಿದ್ದದ್ದೇ ಕಡಿಮೆ. ಇದನ್ನೆಲ್ಲ ಯಾರಾದರೂ ಎತ್ತಿ ಆಡಿದರೆ ಮೇಷ್ಟ್ರು ನಗುತ್ತಿದ್ದರು. "ನೋಡಿದ್ರಾ, ಒಬ್ಬರೂ ಮರೆತಿಲ್ಲ" ಅನ್ನುತ್ತಿದ್ದರು.

ತರಗತಿಗೆ ಎರಡು ನಿಯಮಗಳಿದ್ದವು, ಮಕ್ಕಳು ಅವನ್ನು ಪದ್ಯದ ಹಾಗೆ ಒಪ್ಪಿಸಬೇಕಿತ್ತು. ಕೊಟ್ಟ ರಟ್ಟು ಬದಲಿಲ್ಲ. ಬಂದವರಿಗೆ ಮೊಳೆಯದು. ಅಂದರೆ ವರ್ಷದ ನಡುವೆ ಯಾರಾದರೂ ಶಾಲೆ ಬಿಟ್ಟರೆ ಅವರ ರಟ್ಟು ಹಲಗೆಯ ಪಕ್ಕದ ಮೊಳೆಗೆ ಹೋಗುತ್ತದೆ, ಹೊಸದಾಗಿ ಸೇರಿದವರು ಅದನ್ನೇ ಹಾಕಿಕೊಳ್ಳಬೇಕು. ಭಾಷೆಯಲ್ಲಿ ಯಾವ ಚೂರೂ ಅನಾಥವಾಗಬಾರದು ಅನ್ನುವುದು ಮೇಷ್ಟ್ರ ಕಾಳಜಿ.

ಆ ವರ್ಷ 'ಗೇಡಿ' ಬಂದದ್ದು ಇಸ್ತ್ರಿ ಅಂಗಡಿಯವಳ ಮಗಳ ಕೊರಳಿಗೆ. ನಾಚಿಕೆಗೇಡಿ, ಮಾನಗೇಡಿ, ಬುದ್ಧಿಗೇಡಿ, ಹೊಣೆಗೇಡಿ: ಬಾಲಗಳಲ್ಲೆಲ್ಲ ದುಡಿಮೆ ಜಾಸ್ತಿ ಇರುವ ಬಾಲ. ಹುಡುಗಿ ಚುರುಕು. ಕರೆದಾಗಲೆಲ್ಲ ಹಲಗೆಯ ಬಲಕ್ಕೆ ಬಂದು ನಿಲ್ಲುತ್ತಿದ್ದಳು, ಉಕ್ತಲೇಖನದಲ್ಲಿ ಎಲ್ಲರಿಗಿಂತ ಮುಂದಿದ್ದಳು. ಅರ್ಧ ವರ್ಷ ಕಳೆಯುವಷ್ಟರಲ್ಲಿ ಅವಳ ತಾಯಿ ಕೆಲಸ ಬಿಟ್ಟು ಶಾಲೆಯ ಜಗಲಿಗೆ ಬಂದಳು. ಸೆರಗಿಗೆ ಇದ್ದಿಲ ಬೂದಿ ಅಂಟಿತ್ತು.

"ಮೇಷ್ಟ್ರೇ, ನನ್ನ ಮಗಳಿಗೆ ಬೇರೆ ರಟ್ಟು ಕೊಡಿ."

"ಯಾಕಮ್ಮಾ, ಹರಿದುಹೋಯ್ತಾ?"

"ಹರೀಲಿಲ್ಲ. ಮನೆ ಹತ್ರನೂ ಎಲ್ಲರೂ ಗೇಡಿ ಗೇಡಿ ಅಂತಾರೆ. ನಲ್ಲಿ ಹತ್ರ ನೀರಿಗೆ ನಿಂತ್ರೂ ಅದೇ. ಅವಳ ತಮ್ಮ ಇನ್ನೂ ಕೂಸು, ಸರಿಯಾಗಿ ಮಾತು ಬರಲ್ಲ. ಅಕ್ಕ ಅನ್ನೋದು ಕಲಿಯೋ ಮೊದಲು ಅದನ್ನ ಕಲಿತಿದ್ದಾನೆ."

ಕೂಸು ಕೂಡ ಕಲಿತಿದೆ ಅಂತ ಮೇಷ್ಟ್ರಿಗೆ ಒಂದು ಗಳಿಗೆ ಸಂತೋಷವೇ ಆಯಿತು. ಅದನ್ನು ನುಂಗಿಕೊಂಡು ಗಂಭೀರವಾಗಿ ಹೇಳಿದರು: "ನೋಡಮ್ಮಾ, ಭಾಷೆಗೆ ಮೇಲು ಕೀಳು ಇಲ್ಲ. 'ವಂತ' ಎಷ್ಟೋ 'ಗೇಡಿ'ನೂ ಅಷ್ಟೇ. ಎಲ್ಲರೂ ಒಳ್ಳೇದೇ ಬೇಕು ಅಂತ ಕೂತ್ರೆ ಉಳಿದಿದ್ದನ್ನ ಯಾರು ಹೊರೋದು?"

"ಮೇಲು ಕೀಳು ಇಲ್ಲ ಅಂದ್ರಲ್ಲ, ಡಾಕ್ಟರ ಮಗ ಸ್ವಲ್ಪ ದಿನ ಹೊರಲಿ."

"ಛೇ, ಅವನ ಮುಖಕ್ಕೆ ಅದು ಹೊಂದಲ್ಲ."

ಮಾತು ಬಾಯಿ ಜಾರಿತ್ತು. ಇಸ್ತ್ರಿಯವಳು ಮೇಷ್ಟ್ರನ್ನು ಸುಮ್ಮನೆ ನೋಡಿದಳು. ಸುಕ್ಕು ಎಲ್ಲಿದೆ ಅಂತ ಅಂಗಿಯನ್ನು ನೋಡುತ್ತಾಳಲ್ಲ, ಹಾಗೆ. ಆಮೇಲೆ ಸೆರಗು ಕೊಡವಿಕೊಂಡು ಹೋದಳು. ವಾರ ಕಳೆಯುವಷ್ಟರಲ್ಲಿ ಹುಡುಗಿಯನ್ನು ಬಿಡಿಸಿ ರೈಲು ಹಳಿಯ ಆಚೆಗಿನ ಶಾಲೆಗೆ ಸೇರಿಸಿದಳು. ಹೋಗುವ ದಿನ ಹುಡುಗಿಯೇ ಲಾಡಿಯನ್ನು ನೀಟಾಗಿ ಸುತ್ತಿ ರಟ್ಟನ್ನು ಮೊಳೆಗೆ ಹಾಕಿದ್ದಳು. ಒಳ್ಳೆಯ ವಿದ್ಯಾರ್ಥಿನಿ ಹೋದಳಲ್ಲ ಅಂತ ಮೇಷ್ಟ್ರಿಗೆ ಬೇಸರವಾಯಿತು. ಬಾಲವೊಂದು ಕೆಲಸವಿಲ್ಲದೆ ನೇತಾಡುತ್ತಿದೆಯಲ್ಲ ಅಂತ ಅದಕ್ಕಿಂತ ಹೆಚ್ಚು ಬೇಸರವಾಯಿತು.

ಅಷ್ಟರಲ್ಲಿ ಮೇಷ್ಟ್ರ ಮಗಳಿಗೆ ಆ ಊರಿನ ಆಸ್ಪತ್ರೆಗೇ ವರ್ಗವಾಯಿತು. ಅವಳು ನರ್ಸು. ಗಂಡ ಹಡಗಿನಲ್ಲಿ ಕೆಲಸಕ್ಕಿದ್ದು ಮನೆಗೆ ಬರುವುದೇ ಅಪರೂಪ. ಹಾಗಾಗಿ ಮಗಳನ್ನು ಕರೆದುಕೊಂಡು ತವರಿಗೇ ಬಂದಳು. ಮೊಮ್ಮಗಳು ಅಂದರೆ ಮೇಷ್ಟ್ರಿಗೆ ಪ್ರಾಣ. ಅವಳು ಬಂದ ಮೇಲೆ ಅವರ ಸಿಡುಕೆಲ್ಲ ಎಲ್ಲಿ ಹೋಯಿತೋ. ಸಂಜೆ ಅವಳ ಜೊತೆ ನೆಲದ ಮೇಲೆ ಕೂತು ಆಡುವುದು, ಅವಳ ತಲೆ ಬಾಚುವುದು, ಅವಳು ತಿಂದು ಬಿಟ್ಟದ್ದನ್ನು ತಿನ್ನುವುದು. ಆ ಶಾಲೆಯಲ್ಲಿ ಅವಳ ತರಗತಿಗೆ ಇದ್ದದ್ದು ಒಂದೇ ವಿಭಾಗ, ಅಜ್ಜನದೇ. ಶಾಲೆಗೆ ಸೇರುವ ಹಿಂದಿನ ದಿನವೆಲ್ಲ ಅವಳದು ಒಂದೇ ಪ್ರಶ್ನೆ.

"ತಾತ, ನನಗೆ ಯಾವ ರಟ್ಟು?"

ಮೇಷ್ಟ್ರು ಒಳಗೆ ಹೋಗಿ ಹೊಸ ಶೂ ಡಬ್ಬಿಯನ್ನೇ ಕತ್ತರಿಸಿದರು. ಅಂಚು ಸವರಿ, ದಪ್ಪ ಕುಂಚದಲ್ಲಿ 'ಸಿರಿ' ಅಂತ ಬರೆದು, ಸುತ್ತ ಒಂದು ಬಳ್ಳಿಯನ್ನೂ ಬಿಡಿಸಿದರು. ಯಾವ ಮಗುವಿನ ರಟ್ಟಿಗೂ ಅವರು ಬಳ್ಳಿ ಬಿಡಿಸಿದವರಲ್ಲ. ಲಾಡಿ ಹೊಲಿಸಲು ಹೆಂಡತಿಯ ಹತ್ತಿರ ತಂದರು. ಇಷ್ಟು ವರ್ಷ ಎಲ್ಲ ರಟ್ಟುಗಳ ಲಾಡಿ ಹೊಲಿದವಳು ಅವಳೇ.

"ನಿಮ್ಮ ವ್ಯಾಕರಣಕ್ಕೆ ನನ್ನ ಲಂಗದ ಲಾಡಿ ಒಂದೂ ಉಳಿದಿಲ್ಲ. ಮೊಳೆ ಮೇಲೆ ಒಂದು ಖಾಲಿ ಇದೆ ಅಂತ ನೀವೇ ಅಂದಿರಲ್ಲ?"

"ಅದರ ಲಾಡಿ ಹಳೇದು."

"ಹೊಲಿದವಳು ನಾನು. ಹೊಸದೇ ಇದೆ."

"ನಿನಗೆ ಇದೆಲ್ಲ ಗೊತ್ತಾಗಲ್ಲ, ಬಿಡು."

ಅವಳು ಬಿಟ್ಟಳು. ಸೂಜಿಗೆ ದಾರ ಪೋಣಿಸುವಾಗ ಗಂಡನ ಮುಖವನ್ನು ಮಾತ್ರ ಒಮ್ಮೆ ಚೆನ್ನಾಗಿ ನೋಡಿದಳು.

ಮರುದಿನ ಮೇಷ್ಟ್ರು ಮೊಮ್ಮಗಳನ್ನು ಹಲಗೆಯ ಮುಂದೆ ನಿಲ್ಲಿಸಿ, ಜೇಬಿನಿಂದ ಹೊಸ ರಟ್ಟು ತೆಗೆದು ಕೊರಳಿಗೆ ಹಾಕಿದರು. ಮಕ್ಕಳೆಲ್ಲ ಮೊಳೆಯ ಕಡೆ ನೋಡಿದರು. ಆಮೇಲೆ 'ವಂತ' ಎದ್ದು ನಿಂತ. ಪದ್ಧತಿಯನ್ನು ಅವನಷ್ಟು ನಂಬಿದವರು ಇನ್ನೊಬ್ಬರಿರಲಿಲ್ಲ. ನಂಬುವುದರಿಂದ ಅವನಿಗೇನು ನಷ್ಟ.

"ಸರ್, ಬಂದವರಿಗೆ ಮೊಳೆಯದು ಸರ್."

"ಇದು ಸ್ವಲ್ಪ ಬೇರೆ. ಈ ಪದಭಾಗ ನಮ್ಮ ಹತ್ರ ಇರಲಿಲ್ಲ..."

"ಬಂದವರಿಗೆ ಮೊಳೆಯದು ಸರ್" ಅಂತ 'ಕೋರ'ನೂ 'ಪೋತ'ನೂ ಎದ್ದರು. ಅವರ ಹಿಂದೆ ಎಲ್ಲರೂ ಎದ್ದರು. ಮೇಷ್ಟ್ರು ಕಲಿಸಿದ ಹಾಗೆಯೇ, ಅದೇ ರಾಗದಲ್ಲಿ, ಎರಡೂ ನಿಯಮಗಳನ್ನು ಒಪ್ಪಿಸಿದರು. ತುಂಟತನ ಇರಲಿಲ್ಲ ಅದರಲ್ಲಿ. ಕಲಿತ ಪಾಠವನ್ನು ಮೇಷ್ಟ್ರು ಮರೆತಿದ್ದಾರೆ, ನೆನಪಿಸೋಣ ಅನ್ನುವ ಒಳ್ಳೆಯ ಮನಸ್ಸು. ಗದರಬೇಕು ಅಂತ ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳೇ ಬಳ್ಳಿಯ ರಟ್ಟನ್ನು ತೆಗೆದು ಅಜ್ಜನ ಕೈಗಿಟ್ಟು, ಮೊಳೆಯ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು ಇನ್ನೊಂದನ್ನು ಕೊರಳಿಗೆ ಹಾಕಿಕೊಂಡಳು. ಹೊಸ ಶಾಲೆ, ಹೊಸ ಮಕ್ಕಳು. ಎಲ್ಲರ ಹಾಗೆ ಇರಬೇಕು ಅನ್ನುವ ಆಸೆ ಅವಳಿಗೆ.

"ಗೇಡಿ ಬಂದ್ಲು" ಅಂತ ತರಗತಿ ಚಪ್ಪಾಳೆ ತಟ್ಟಿತು. ಬಹಳ ದಿನದಿಂದ ಆ ಬಾಲವಿಲ್ಲದೆ ಎಷ್ಟೋ ಪದಗಳು ಅರ್ಧಕ್ಕೇ ನಿಂತಿದ್ದವು. "ಸರ್, ನಾಚಿಕೆ ಬರೀರಿ ಸರ್" ಅಂತ ದುಂಬಾಲು ಬಿದ್ದರು. ಮೇಷ್ಟ್ರು ಬರೆದರು. ಸೀಮೆಸುಣ್ಣ ನಡುವೆ ಮುರಿಯಿತು. ಮೊಮ್ಮಗಳು ಓಡಿಬಂದು ಬಲಕ್ಕೆ ನಿಂತು, ಹಲ್ಲುಬಿಟ್ಟು ನಕ್ಕಳು. ಇಷ್ಟು ವರ್ಷ ಅದೇ ಜಾಗದಲ್ಲಿ ಎಷ್ಟೋ ಮಕ್ಕಳು ಅದೇ ರಟ್ಟು ಹೊತ್ತು ನಿಂತಿದ್ದರು. ತರಗತಿ ಪದ ಕೂಗುವಾಗ ಮೇಷ್ಟ್ರು ಬೆನ್ನು ತಿರುಗಿಸಿ ನಿಂತದ್ದು ಅವತ್ತೇ ಮೊದಲು.

ಸಂಜೆ ಮಗಳು ಆಸ್ಪತ್ರೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ಅಪ್ಪಾ, ಬೀಗದ ಅಂಗಡಿಯವರು ನನ್ನ ನಿಲ್ಲಿಸಿ, 'ಏನ್ ಸಿಸ್ಟರ್, ನಿಮ್ಮ ಗೇಡಿ ಆಗಲೇ ಮನೆ ಕಡೆ ಹೋದ್ಲಲ್ಲ' ಅಂದ್ರು. ಒಂದೇ ದಿನಕ್ಕೆ. ಯಾರು ಹಾಕಿದ್ದು ಅದನ್ನ?"

"ಅವಳೇ ಹಾಕ್ಕೊಂಡ್ಲು. ನಾನು ಬೇರೆ ಮಾಡಿದ್ದೆ."

"ಬೇರೆ ಯಾಕೆ ಮಾಡಿದ್ರಿ? ಅದರಲ್ಲಿ ಮೇಲು ಕೀಳು ಇಲ್ವಂತಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

"ಮುಖ ನೋಡಿ ಕೊಡ್ತೀರಿ ಅಂತ ಊರೆಲ್ಲ ಹೇಳುತ್ತೆ. ನನ್ನ ಮಗಳ ಮುಖದಲ್ಲಿ ಏನು ಕಂಡಿತು ಅಂತ ಜನ ಕೇಳಿದ್ರೆ ಏನು ಹೇಳಲಿ? ಈ ವಾರದೊಳಗೆ ಅದು ಅವಳ ಕೊರಳಿಂದ ಇಳೀಬೇಕು. ಇಲ್ಲಾಂದ್ರೆ ನಾನು ಆಸ್ಪತ್ರೆ ಕ್ವಾರ್ಟರ್ಸಿಗೆ ಹೋಗ್ತೀನಿ. ಅವಳನ್ನ ಬೇರೆ ಶಾಲೆಗೆ ಹಾಕ್ತೀನಿ."

ಮಗಳು ಹೇಳಿದರೆ ಮಾಡುವವಳೇ. ಆ ಹಟ ಅವಳಿಗೆ ಬಂದದ್ದು ಎಲ್ಲಿಂದ ಅಂತ ಮೇಷ್ಟ್ರಿಗೆ ಗೊತ್ತಿತ್ತು. ಮೊಮ್ಮಗಳಿಲ್ಲದ ಆ ಮನೆಯನ್ನು ನೆನೆಸಿಕೊಂಡರೇ ಅವರಿಗೆ ಊಟ ಸೇರಲಿಲ್ಲ. ಇದ್ದ ದಾರಿ ಸರಳವಾಗಿತ್ತು. ರಟ್ಟುಗಳನ್ನೆಲ್ಲ ವಾಪಸು ತೆಗೆದುಕೊಂಡು, ವಾರಕ್ಕೊಮ್ಮೆ ಕೈ ಬದಲಿಸಿದರೆ ಮುಗಿಯಿತು. ಪಾಠ ಹಾಗೂ ನಡೆಯುತ್ತಿತ್ತು, ಹೀಗೂ ನಡೆಯುತ್ತಿತ್ತು. ಆದರೆ ಹಾಗೆ ಮಾಡಿದರೆ ಇಷ್ಟು ವರ್ಷ ಕೊರಳು ಕೊಟ್ಟವರೆಲ್ಲ, ಬೀಗದ ಅಂಗಡಿಯವನಿಂದ ಹಿಡಿದು ಮದುವೆ ಮುರಿದವನವರೆಗೆ, ಬಾಗಿಲಿಗೆ ಬಂದು 'ಹಾಗಾದ್ರೆ ಆಗ ಯಾಕೆ ಮಾಡಲಿಲ್ಲ?' ಅಂತ ಕೇಳುವುದಿಲ್ಲವೇ? ಮೇಷ್ಟ್ರು ಆ ದಾರಿ ಬಿಟ್ಟು ಇನ್ನೊಂದನ್ನು ಹುಡುಕಿದರು. ಇಸ್ತ್ರಿಯವಳ ಮಗಳು ತರಗತಿಗೆ ವಾಪಸು ಬಂದರೆ ಅವಳ ರಟ್ಟು 'ಬದಲಿಲ್ಲ' ಅನ್ನುವ ನಿಯಮದ ಪ್ರಕಾರ ಅವಳಿಗೇ ಹೋಗುತ್ತದೆ. ಮೊಳೆಯಂತೂ ಖಾಲಿ. ಆಗ ಮೊಮ್ಮಗಳಿಗೆ ಹೊಸದು ಕೊಡಲು ಯಾರ ತಕರಾರೂ ಇರುವುದಿಲ್ಲ. ಪದ್ಧತಿಯೂ ಉಳಿಯಿತು, ಮೊಮ್ಮಗಳೂ ಉಳಿದಳು. ಇದನ್ನು ಯೋಚಿಸಿ ಮೇಷ್ಟ್ರು ಸಮಾಧಾನದ ಉಸಿರು ಬಿಟ್ಟರು. ಆ ಹೊತ್ತಿನಲ್ಲಿ ಅವರ ಮುಖ ನೋಡಿ ಯಾವ ರಟ್ಟು ಹೊಂದುತ್ತದೆ ಅಂತ ಯಾರನ್ನಾದರೂ ಕೇಳಿದ್ದರೆ ಅಷ್ಟೇನೂ ತಡಕಾಡುತ್ತಿರಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಇಸ್ತ್ರಿ ಅಂಗಡಿಗೆ ಹೋದರು. ಅಂಗಡಿ ಅಂದರೆ ಎರಡು ಗೋಡೆಗಳ ನಡುವೆ ತಗಡು ಹೊದಿಸಿದ ಸಂದು. ಕಂಬಳಿ ಹಾಸಿದ ಮೇಜು, ಮೇಜಿನ ಕೆಳಗೆ ಗಂಟು ಗಂಟು ಬಟ್ಟೆ, ಹಿಂದೆ ಹಗ್ಗಕ್ಕೆ ನೇತುಹಾಕಿದ ಅಂಗಿಗಳ ಸಾಲು. ತಾಯಿ ಇಸ್ತ್ರಿ ಒತ್ತುತ್ತಿದ್ದಳು. ಮಗಳು ಸ್ಟೂಲಿನ ಮೇಲೆ ಕೂತು ಮಡಿಸುತ್ತಿದ್ದಳು. ಅಮ್ಮನ ಕಾಲ ಹತ್ತಿರ ಕೂಸು ಗುಂಡಿಗಳಲ್ಲಿ ಆಡುತ್ತಿತ್ತು. ಮೇಷ್ಟ್ರನ್ನು ಕಂಡು ಹುಡುಗಿ ಎದ್ದು ನಿಂತಳು. ಆ ಮರ್ಯಾದೆ ಅವಳು ಬಿಟ್ಟಿರಲಿಲ್ಲ.

"ಬನ್ನಿ ಮೇಷ್ಟ್ರೇ" ಅಂದಳು ತಾಯಿ, ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ.

ಮೇಷ್ಟ್ರು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಶುರುಮಾಡಿದರು. ಮಗಳಿಲ್ಲದೆ ತರಗತಿ ಬಿಕೋ ಅನ್ನುತ್ತಿದೆ. ಅಂಥ ಜಾಣೆಯನ್ನು ತಾವು ನೋಡಿಲ್ಲ. ಅವತ್ತು ಜಗಲಿಯಲ್ಲಿ ತಾವು ಸ್ವಲ್ಪ ದುಡುಕಿದ್ದು ನಿಜ. ಅಷ್ಟು ದೂರದ ಶಾಲೆಗೆ ಓಡಾಡುವುದು ಮಗುವಿಗೂ ಕಷ್ಟ, ತಾಯಿಗೂ ಕಷ್ಟ. ಹೇಳುತ್ತಾ ಹೇಳುತ್ತಾ ಅವರಿಗೇ ಅದೆಲ್ಲ ನಿಜ ಅನ್ನಿಸತೊಡಗಿತು. ರಟ್ಟಿನ ಮಾತು ಮಾತ್ರ ಎತ್ತಲಿಲ್ಲ.

ಇಸ್ತ್ರಿಯವಳ ಮುಖ ಮೆತ್ತಗಾಯಿತು. ಮೊಮ್ಮಗಳ ಸುದ್ದಿ ಅವಳ ಕಿವಿಗೆ ಇನ್ನೂ ಬಿದ್ದಿರಲಿಲ್ಲ.

"ಅಲ್ಲಿಗೆ ಹಳಿ ದಾಟಿ ಹೋಗ್ಬೇಕು ಮೇಷ್ಟ್ರೇ. ಇವಳು ವಾಪಸ್ ಬರೋವರೆಗೂ ನನ್ನ ಜೀವ ಕೈಯಲ್ಲಿರುತ್ತೆ. ರೈಲು ಕೂಗಿದ್ರೆ ಇಸ್ತ್ರಿ ಬಟ್ಟೆ ಮೇಲೇ ಮರೆತು ನಿಲ್ತೀನಿ. ಎಷ್ಟು ಅಂಗಿ ಸುಟ್ಟಿದ್ದೀನೋ. ನೀವಾಗಿ ಬಂದು ಕರೀತಿದ್ದೀರಿ, ನನಗೇನು ಬೇಡ ಅನ್ನೋಕೆ?"

"ಹಾಗಾದ್ರೆ ನಾಳೆಯಿಂದಲೇ..."

"ಆದ್ರೆ ಬಲವಂತ ನಾನು ಮಾಡಲ್ಲ. ನಿಮ್ಮ ಶಾಲೆ ಬಿಟ್ಟ ದಿನ ತುಂಬಾ ಅತ್ತಿದ್ಲು. ನೀವೇ ಹೆಸರು ಹಿಡಿದು ಕರೆದು ಒಂದು ಮಾತು ಕೇಳಿ. ಹೂಂ ಅಂದ್ರೆ ನಾಳೆನೇ ಕಳಿಸ್ತೀನಿ."

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಅರ್ಧ ವರ್ಷ ಪಾಠ ಹೇಳಿದ ಮೇಷ್ಟ್ರಿಗೆ ಇದೊಂದು ಕಷ್ಟದ ಕೆಲಸ ಅಂತ ಯಾವ ತಾಯಿಗೆ ತಾನೇ ಹೊಳೆಯುತ್ತದೆ?

ಮೇಷ್ಟ್ರು ಹುಡುಗಿಯ ಕಡೆ ತಿರುಗಿ ಬಾಯಿ ತೆರೆದರು. ತುಟಿಯವರೆಗೆ ಬಂದದ್ದು ಎರಡಕ್ಷರ. ಅದನ್ನು ಹಲ್ಲು ಕಚ್ಚಿ ತಡೆದರು. ಅದರ ಹಿಂದೆ ಇನ್ನೇನಾದರೂ ಇರಬೇಕು ಅಂತ ತಡಕಾಡಿದರು. ಹಾಜರಿ ಪುಸ್ತಕದ ಪುಟ ಕಣ್ಣ ಮುಂದೆ ತಂದುಕೊಳ್ಳಲು ನೋಡಿದರು. ಅವರು ಅದನ್ನು ಎಂದೂ ಓದಿದವರಲ್ಲ, ಟಿಕ್ ಹಾಕಿದವರು. ಬೇರೆ ಮಕ್ಕಳದಾದರೂ ನೆನಪಾಗುತ್ತದೆಯೇ ನೋಡಿದರು. ವಂತ, ಶಾಲಿ, ಕೋರ, ಪೋತ. ಇಷ್ಟು ವರ್ಷಗಳ ತರಗತಿಗಳು ಒಂದರ ಹಿಂದೆ ಒಂದು ಎದ್ದು ನಿಂತವು. ಎಲ್ಲ ಕೊರಳಲ್ಲೂ ರಟ್ಟಿತ್ತು. ಅದರ ಮೇಲಿನ ಮುಖಗಳಲ್ಲಿ ಒಂದರ ಹೆಸರೂ ಹೊಳೆಯಲಿಲ್ಲ. ಮೇಷ್ಟ್ರಿಗೆ ಭಯವಾಯಿತು.

"ಮಗೂ..." ಅಂದರು ಕೊನೆಗೆ.

ಕೆಳಗೆ ಆಡುತ್ತಿದ್ದ ಕೂಸು, ತನ್ನನ್ನೇ ಕರೆದರು ಅಂತ ತಲೆಯೆತ್ತಿತು. ಹುಡುಗಿ ಕಾಯುತ್ತಲೇ ಇದ್ದಳು. ತಾಯಿ ಮೊದಲು ನಗುಮುಖದಿಂದ ನೋಡುತ್ತಿದ್ದಳು, ಆಮೇಲೆ ಬರೀ ನೋಡುತ್ತಿದ್ದಳು. ಆಮೇಲೆ ಇಸ್ತ್ರಿಪೆಟ್ಟಿಗೆ ಎತ್ತಿ, ಯಾರದೋ ಅಂಗಿಯ ಕಾಲರನ್ನು ಒತ್ತತೊಡಗಿದಳು.

"ಏನ್ ಬೇಕಿತ್ತು ಮೇಷ್ಟ್ರೇ?" ಅಂದಳು, ತಲೆಯೆತ್ತದೆ, ಗಿರಾಕಿಯನ್ನು ಕೇಳುವ ದನಿಯಲ್ಲಿ.

"ಏನಿಲ್ಲ, ಬಟ್ಟೆ... ಇಸ್ತ್ರಿಗೆ ಬಟ್ಟೆ ಕೊಡೋಣ ಅಂತ ಬಂದೆ."

ಹುಡುಗಿ ಮಡಿಸುತ್ತಿದ್ದದ್ದನ್ನು ಪಕ್ಕಕ್ಕಿಟ್ಟು, ಬಟ್ಟೆ ಇಸಿದುಕೊಳ್ಳಲು ಎರಡೂ ಕೈ ಮುಂದೆ ಚಾಚಿದಳು. ಮೇಷ್ಟ್ರ ಕೈಯಲ್ಲಿ ಕೊಡುವುದಕ್ಕೆ ಏನೂ ಇರಲಿಲ್ಲ.